ಹಾಸಿಗೆ ಹಿಡಿದವರನ್ನು ಎಲ್ಲಿ ನೋಡಿಕೊಳ್ಳುವುದು? ಮನೆಯೋ, ಕೇರ್‌ಟೇಕರೋ, ಕೇಂದ್ರವೋ: ಮೊದಲು ರಾತ್ರಿಯ ಲೆಕ್ಕ ಹಾಕಿ

"ಮನೆಗೆ ಕರ್ಕೊಂಡು ಹೋಗಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ತಾ ಇರಿ." ಡಿಸ್ಚಾರ್ಜ್ ದಿನ ಇಷ್ಟು ಹೇಳುವುದಕ್ಕೆ ಆಸ್ಪತ್ರೆಯವರಿಗೆ ಒಂದು ನಿಮಿಷ ಸಾಕು. ಆ ಎರಡು ಗಂಟೆ ರಾತ್ರಿಯೂ ಬರುತ್ತದೆ ಎನ್ನುವುದು ನಮಗೆ ಹೊಳೆದದ್ದು ಮನೆಗೆ ಬಂದ ಮೊದಲ ದಿನ, ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಎದ್ದು ಕೂತಾಗ.

ನಮ್ಮಪ್ಪನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಅರ್ಧಕ್ಕರ್ಧ ಹೋಗಿತ್ತು. ನಮ್ಮದು ಹಾಸನ, ಅಣ್ಣ ಇರುವುದು ಬೆಂಗಳೂರಿನಲ್ಲಿ, ಅಮ್ಮನಿಗೆ ಆಗಲೇ ಎಪ್ಪತ್ತರ ಹತ್ತಿರ. ಮೂರು ವರ್ಷದಲ್ಲಿ ಇಲ್ಲಿ ಬರೆಯುತ್ತಿರುವ ವ್ಯವಸ್ಥೆಗಳಲ್ಲಿ ಹೆಚ್ಚಿನವನ್ನು ನಾವೇ ಮಾಡಿ ನೋಡಿದ್ದೇವೆ. ಕೆಲವನ್ನು ತಪ್ಪಾಗಿ ಮಾಡಿದ್ದೇವೆ. ಈಗ ಗುರುತಿನವರು ಯಾರಾದರೂ ಫೋನ್ ಮಾಡಿ "ಏನ್ ಮಾಡೋದು ಹೇಳು" ಅಂದರೆ ನಾನು ಹೇಳುವುದನ್ನೇ ಇಲ್ಲಿ ಹಾಕಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಎಷ್ಟು ಖರ್ಚಾಗುತ್ತೆ ಅಂತ. ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿರುವುದು, ಜನ ಏನಂತಾರೆ ಅಂತ. ಇವೆರಡೂ ಇರಲಿ, ಆಮೇಲೆ ನೋಡೋಣ. ನಾನು ಮೊದಲು ಕೇಳುವುದು ಇದು: ರಾತ್ರಿ ಮೂರು ಗಂಟೆಗೆ ಏಳುವವರು ಯಾರು? ಒಂದು ಹೆಸರು ಹೇಳಿ. "ನಾವೆಲ್ಲಾ ಇದೀವಲ್ಲ" ಅನ್ನುವುದು ಹೆಸರಲ್ಲ. ಆ ಹೆಸರಿನವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗುವುದಿದೆಯಾ, ಅವರಿಗೇ ಬಿಪಿ ಶುಗರ್ ಇದೆಯಾ, ವಾರದಲ್ಲಿ ಎರಡು ರಾತ್ರಿಯಾದರೂ ಅವರಿಗೆ ಬದಲಿ ಯಾರಿದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಮನೆಯಲ್ಲೇ, ಮನೆಯವರೇ

ರೋಗಿ ತಾವೇ ಮಗ್ಗುಲಾಗುತ್ತಾರೆ, ಬೇಕು ಬೇಡ ಹೇಳುತ್ತಾರೆ, ಕೈಹಿಡಿದರೆ ಕಮೋಡ್ ಚೇರ್‌ವರೆಗೆ ಬರುತ್ತಾರೆ ಅಂದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತಮ್ಮ ಮನೆ, ತಮ್ಮ ಕಿಟಕಿ, ಒಗ್ಗರಣೆ ಸದ್ದು, ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು "ಹೆಂಗಿದೀರಿ ಮೇಷ್ಟ್ರೇ" ಅಂತ ಕೇಳುವುದು, ಇದನ್ನೆಲ್ಲ ಯಾವ ಕೇಂದ್ರವೂ ಕೊಡುವುದಿಲ್ಲ.

ಆದರೆ ಪೂರ್ತಿ ಮಲಗಿದವರಾದರೆ ಕೆಲಸ ಬೇರೆಯೇ. ಮಗ್ಗುಲು ತಪ್ಪಿಸಿದರೆ ಬೆಡ್ ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಗಾಯ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕದ ಮೂಳೆ, ಈ ಜಾಗಗಳನ್ನು ದಿನಾ ಸ್ನಾನದ ಹೊತ್ತಿಗೆ ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಕೆಂಪು ಹೋಗದಿದ್ದರೆ ಗಾಯ ಶುರುವಾಗಿದೆ ಎಂದೇ ಲೆಕ್ಕ, ಮೈಬಣ್ಣ ಕಪ್ಪಾದವರಲ್ಲಿ ಕೆಂಪು ಕಾಣುವುದಿಲ್ಲ, ಅಲ್ಲಿ ಬಿಸಿಯೋ ಗಟ್ಟಿಯೋ ಆಗಿದೆಯಾ ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ನಾವು ತಿಕ್ಕಿದೆವು. ಒಳ್ಳೆಯದಾಗಲಿ ಅಂತಲೇ ತಿಕ್ಕಿದ್ದು, ಚರ್ಮ ಇನ್ನಷ್ಟು ಹಾಳಾಯಿತು. ಏರ್ ಬೆಡ್ ಹಾಕಿದ್ದೀವಲ್ಲ, ಇನ್ನು ಮಗ್ಗುಲು ಬದಲಾಯಿಸಬೇಕಾಗಿಲ್ಲ ಅಂದುಕೊಳ್ಳುವವರು ಜಾಸ್ತಿ. ಹಾಗಿಲ್ಲ. ಏರ್ ಬೆಡ್ ಸಹಾಯ ಮಾಡುತ್ತದೆ ಅಷ್ಟೇ. ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದಂತೂ ಬೇಡವೇ ಬೇಡ, ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ.

ಮೂಗಿನ ಟ್ಯೂಬ್ ಇದ್ದರೆ ಗಂಜಿ ಕೊಡುವಾಗ ತಲೆಯ ಭಾಗ ಎತ್ತರಕ್ಕಿರಬೇಕು, ಕೊಟ್ಟ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಾಗೇ ಇರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ. ಎತ್ತಿ ಕೂರಿಸುವಾಗ ಬ್ಯಾಗನ್ನು ಹೊಟ್ಟೆ ಮೇಲೆ ಇಡುವ ಅಭ್ಯಾಸ ಎಲ್ಲರಿಗೂ ಇದೆ, ನಮಗೂ ಇತ್ತು, ಜ್ವರ ಬಂದ ಮೇಲೆ ಬಿಟ್ಟೆವು. ಇದನ್ನೆಲ್ಲ ಡಿಸ್ಚಾರ್ಜ್‌ಗೆ ಎರಡು ದಿನ ಮೊದಲೇ ವಾರ್ಡಿನ ನರ್ಸ್ ಹತ್ತಿರ ನಿಂತು, ಅವರ ಎದುರಿಗೆ ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ. ವಿಡಿಯೋ ನೋಡಿ ಕಲಿತೀನಿ ಅನ್ನಬೇಡಿ.

ಮನೆಯವರೇ ಎಂದು ತೀರ್ಮಾನಿಸುವುದಾದರೆ ನನ್ನ ಪ್ರಕಾರ ಗಟ್ಟಿಮುಟ್ಟಾದವರು ಇಬ್ಬರಿರಬೇಕು. ಒಬ್ಬರೇ ಅಂದರೆ ಆಗುವುದಿಲ್ಲ. ಆರು ವಾರ ಆಗಬಹುದು, ಆರು ತಿಂಗಳು ಆಗುವುದಿಲ್ಲ. ಇನ್ನೊಂದು, ನಮ್ಮ ಕಡೆ "ಮನೆಯವರೇ ನೋಡ್ಕೊಳ್ತಾರೆ" ಅಂದರೆ ಅದರ ಅರ್ಥ ಹೆಚ್ಚಾಗಿ ಸೊಸೆ ನೋಡಿಕೊಳ್ಳುತ್ತಾಳೆ ಅಂತ. ತೀರ್ಮಾನ ಮಾಡುವ ಜಗಲಿ ಸಭೆಯಲ್ಲಿ ಅವಳು ಕಾಫಿ ತರುತ್ತಿರುತ್ತಾಳೆ. ಅವಳನ್ನು ಕೂರಿಸಿ ಕೇಳಿ.

ಒಂದೇ ಮನೆಯೋ, ಸರದಿಯೋ

ಮಕ್ಕಳು ನಾಲ್ಕು ಜನ, ಮೂರು ಮೂರು ತಿಂಗಳು ಒಬ್ಬೊಬ್ಬರ ಮನೆಯಲ್ಲಿ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ನಾವೂ ಅಪ್ಪನನ್ನು ಅಣ್ಣನ ಫ್ಲಾಟಿಗೆ ಕರೆದೊಯ್ದೆವು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ ಅಂತ ಗೊತ್ತಾಗಿದ್ದು ಲಿಫ್ಟಿನ ಮುಂದೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿದರು. ಅಲ್ಲಿ ಹೊಸ ಡಾಕ್ಟರು, ಹೊಸ ಫಿಜಿಯೋ, ಹೊಸ ಬಚ್ಚಲು. ಅಪ್ಪನಿಗೆ ಎದ್ದರೆ ಎಲ್ಲಿದ್ದೀನಿ ಅನ್ನುವುದೇ ತಿಳಿಯುತ್ತಿರಲಿಲ್ಲ. ಮರೆವಿನ ಕಾಯಿಲೆ ಇರುವವರಿಗಂತೂ ಹೀಗೆ ಜಾಗ ಬದಲಾಯಿಸುವುದು ದೊಡ್ಡ ಹಿಂಸೆ.

ನನ್ನ ಮಾತು ಕೇಳುವುದಾದರೆ, ರೋಗಿ ಒಂದೇ ಕಡೆ ಇರಲಿ, ಮಕ್ಕಳು ಸರದಿಯಲ್ಲಿ ಅಲ್ಲಿಗೆ ಬರಲಿ. ಬರಲಾಗದವರು ದುಡ್ಡು ಕೊಡಲಿ. ಬರಲೂ ಆಗದ, ಕೊಡಲೂ ಆಗದವರು ಫೋನಿನಲ್ಲಿ ಸಲಹೆ ಕೊಡುವುದನ್ನಾದರೂ ನಿಲ್ಲಿಸಲಿ.

ರೂಮೋ, ಹಾಲೋ

ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾವಣೆ ತಂದದ್ದು ಇದೇ.

ಮೊದಲು ಅಪ್ಪನನ್ನು ಹಿಂದಿನ ರೂಮಿನಲ್ಲಿ ಮಲಗಿಸಿದ್ದೆವು. ಶಾಂತವಾಗಿರುತ್ತೆ, ಬಂದವರಿಗೆ ಕಾಣಿಸುವುದಿಲ್ಲ, ಅಟ್ಯಾಚ್ಡ್ ಬಾತ್‌ರೂಮ್ ಬೇರೆ. ಕರೆಯುವುದಕ್ಕೆ ಮಾತು ಬರುವುದಿಲ್ಲವಲ್ಲ, ಎಡಗೈ ಹತ್ತಿರ ಒಂದು ಸ್ಟೀಲ್ ಲೋಟ, ಚಮಚ ಇಟ್ಟೆವು. ಟಣ್ ಟಣ್ ಅಂದರೆ ಯಾರಾದರೂ ಹೋಗುವುದು. ಎರಡೇ ವಾರದಲ್ಲಿ ಹತ್ತು ನಿಮಿಷಕ್ಕೊಮ್ಮೆ ಟಣ್ ಟಣ್. ಹೋದರೆ ಏನೂ ಬೇಡ, ಸುಮ್ನೆ ನೋಡುತ್ತಾರೆ. ಅಮ್ಮನಿಗೆ ರೇಗಿ ಹೋಗಿ ಒಂದು ದಿನ ಲೋಟ ತೆಗೆದಿಟ್ಟುಬಿಟ್ಟರು, ಆಮೇಲೆ ತಾವೇ ಅತ್ತರು. ಅಣ್ಣ ಆನ್‌ಲೈನಿನಲ್ಲಿ ರಿಮೋಟ್ ಬೆಲ್ ತರಿಸಿಕೊಟ್ಟ. ಅಪ್ಪ ಅದನ್ನು ಮುಟ್ಟಲೇ ಇಲ್ಲ.

ಆಮೇಲೆ ಫಿಜಿಯೋ ಹುಡುಗನೇ ಹೇಳಿದ್ದು, ಮಂಚವನ್ನು ಹಾಲಿಗೆ ಹಾಕಿ ನೋಡಿ, ಅಡಿಗೆಮನೆ ಕಾಣುವ ಹಾಗೆ. ಹಾಕಿದೆವು. ಎರಡನೇ ದಿನದಿಂದ ಲೋಟದ ಸದ್ದು ದಿನಕ್ಕೆ ಐದಾರು ಸಲಕ್ಕೆ ಇಳಿಯಿತು. ಅವರಿಗೆ ಬೇಕಾಗಿದ್ದು ನೀರಲ್ಲ, ಯಾರಾದರೂ ಇದ್ದಾರೆ ಅನ್ನುವುದು ಕಣ್ಣಿಗೆ ಕಾಣಬೇಕಿತ್ತು.

ಹಾಲಿನಲ್ಲಿ ಮಲಗಿಸುವುದರ ತೊಂದರೆಯೂ ಇದೆ. ಮರ್ಯಾದೆಯ ಪ್ರಶ್ನೆ ದೊಡ್ಡದು. ಡೈಪರ್ ಬದಲಾಯಿಸುವಾಗ ಅಡ್ಡ ಎಳೆಯಲು ಪರದೆ ಬೇಕೇ ಬೇಕು, ನಾವು ತಂತಿ ಕಟ್ಟಿ ಹಳೇ ಬೆಡ್‌ಶೀಟ್ ಇಳಿಬಿಟ್ಟೆವು. ಬಂದವರೆಲ್ಲ ಅವರ ಮುಂದೆಯೇ "ಛೇ, ಹೆಂಗಿದ್ದವರು ಹೆಂಗಾಗಿಬಿಟ್ರು" ಅಂತ ಶುರು ಮಾಡುತ್ತಾರೆ. ಮಾತು ಹೋದವರಿಗೆ ಕಿವಿ ಹೋಗಿರುವುದಿಲ್ಲ ಅಂತ ಬಾಗಿಲಲ್ಲೇ ಹೇಳಿ ಒಳಗೆ ಬಿಡಿ. ರೋಗಿಗೆ ಸದ್ದು, ಬೆಳಕು ಆಗುವುದಿಲ್ಲ, ಕೀಮೋ ನಡೆಯುತ್ತಿದೆ, ಸೋಂಕಿನ ಭಯ ಇದೆ ಅಂದರೆ ರೂಮೇ ಸರಿ. ಉಳಿದವರಿಗೆ ನನ್ನ ಓಟು ಹಾಲಿಗೆ.

ಮನೆಯಲ್ಲೇ, ಕೂಲಿ ಕೊಟ್ಟು ಸಹಾಯ

ಇಲ್ಲಿ ಮೊದಲು ಪದದ ಗೊಂದಲ ಬಿಡಿಸಿಕೊಳ್ಳಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ "ಹೋಮ್ ನರ್ಸ್" ಅಂದರೆ ಬಹಳ ಸಲ ನರ್ಸಿಂಗ್ ಓದಿದವರಲ್ಲ. ಸ್ನಾನ, ಊಟ, ಡೈಪರ್, ಮಗ್ಗುಲು ನೋಡಿಕೊಳ್ಳುವ ಕೇರ್‌ಟೇಕರ್. ಕೆಲಸದಲ್ಲಿ ಪಳಗಿದ ಒಳ್ಳೆಯವರು ಸಿಗುತ್ತಾರೆ, ಆದರೆ ಇಂಜೆಕ್ಷನ್, ಟ್ಯೂಬ್ ಬದಲಾಯಿಸುವುದು, ಗಾಯದ ಡ್ರೆಸ್ಸಿಂಗ್ ಅವರ ಕೆಲಸವಲ್ಲ. ಅದಕ್ಕೆ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ, ನರ್ಸಿಂಗ್ ಕೌನ್ಸಿಲಿನಲ್ಲಿ ರಿಜಿಸ್ಟರ್ ಆದವರು ಬೇಕು, ಅವರಿಗೆ ಸಂಬಳವೂ ಜಾಸ್ತಿ. ಹೆಚ್ಚಿನ ಮನೆಗೆ ಬೇಕಾಗುವುದು ದಿನಪೂರ್ತಿ ಕೇರ್‌ಟೇಕರ್, ಮತ್ತು ವಾರಕ್ಕೆ ಒಂದೆರಡು ಸಲ ಬಂದು ಹೋಗುವ ನರ್ಸ್. ಏಜೆನ್ಸಿ ನರ್ಸ್ ದರ ಹಾಕಿ ಕೇರ್‌ಟೇಕರನ್ನು ಕಳಿಸುತ್ತಿದೆಯಾ ನೋಡಿಕೊಳ್ಳಿ. ರಿಜಿಸ್ಟ್ರೇಷನ್ ನಂಬರ್ ಕೇಳಿದರೆ ಗೊತ್ತಾಗಿಬಿಡುತ್ತದೆ.

ಏಜೆನ್ಸಿಯೋ, ನೇರವಾಗಿಯೋ? ಏಜೆನ್ಸಿಗೆ ಹೋಗುವ ಒಂದೇ ದೊಡ್ಡ ಕಾರಣ ಬದಲಿ ಜನ. ಕೆಲಸದವರು ರಜೆ ಹಾಕಿದರೆ ಎಷ್ಟು ಗಂಟೆಯೊಳಗೆ ಇನ್ನೊಬ್ಬರು ಬರುತ್ತಾರೆ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ನಮ್ಮ ಮನೆಗೆ ಬರುತ್ತಿದ್ದ ಹುಡುಗ ಯುಗಾದಿಗೆ ಊರಿಗೆ ಹೋದವನು ಬರಲೇ ಇಲ್ಲ, ಏಜೆನ್ಸಿಗೆ ಫೋನ್ ಮಾಡಿದರೆ "ನಾಳೆ ಕಳಿಸ್ತೀವಿ ಮೇಡಂ" ಅಂತ ಒಂಬತ್ತು ದಿನ ಹೇಳಿದರು. ಆ ಒಂಬತ್ತು ದಿನಕ್ಕೂ ದುಡ್ಡು ಮೊದಲೇ ಕೊಟ್ಟಾಗಿತ್ತು. ನೇರವಾಗಿ ಊರಿನವರನ್ನೇ ಹಿಡಿದರೆ ಅಗ್ಗ, ನಂಬಿಕೆ, ನಮ್ಮ ಭಾಷೆ. ಆದರೆ ಅವರ ಮಗುವಿಗೆ ಜ್ವರ ಬಂದರೆ ನಿಮಗೆ ಆ ದಿನ ಗತಿಯಿಲ್ಲ. ಎರಡರಲ್ಲಿ ಯಾವ ದಾರಿ ಹಿಡಿದರೂ ಅವರ ಆಧಾರ್ ಕಾಪಿ ಇಟ್ಟುಕೊಳ್ಳಿ, ಪೊಲೀಸ್ ವೆರಿಫಿಕೇಷನ್ ಮಾಡಿಸಿ.

ಹಗಲಿಗೋ, ರಾತ್ರಿಗೋ? ದುಡ್ಡು ಹನ್ನೆರಡು ಗಂಟೆಯ ಒಂದು ಶಿಫ್ಟಿಗೆ ಮಾತ್ರ ಸಾಲುತ್ತದೆ ಅಂದರೆ ಎಲ್ಲರೂ ಹಗಲಿಗೆ ಇಡುತ್ತಾರೆ. ನಾವೂ ಹಾಗೇ ಮಾಡಿದೆವು, ತಪ್ಪು. ಹಗಲು ಹೊತ್ತು ಯಾರೋ ಒಬ್ಬರು ಬಂದು ಹೋಗಿ ಮಾಡುತ್ತಾರೆ, ಪಕ್ಕದ ಮನೆಯವರೂ ಹತ್ತು ನಿಮಿಷ ಕೂರುತ್ತಾರೆ. ಮೂರು ಗಂಟೆ ರಾತ್ರಿಗೆ ಯಾರೂ ಬರುವುದಿಲ್ಲ. ರಾತ್ರಿಗೆ ಜನ ಇಟ್ಟ ಮೇಲೆ ಅಮ್ಮ ಒಂದೇ ತಿಂಗಳಲ್ಲಿ ಬೇರೆ ಮನುಷ್ಯಳಾದಂತೆ ಕಂಡರು. "ಇಪ್ಪತ್ನಾಲ್ಕು ಗಂಟೆ ಕೇರ್‌ಟೇಕರ್" ಅಂತ ಕೊಡುತ್ತಾರಲ್ಲ, ಅದರಲ್ಲಿ ಒಬ್ಬರೇ ಇರುತ್ತಾರೆ, ಅವರೂ ಮನುಷ್ಯರೇ, ನಿದ್ದೆ ಮಾಡುತ್ತಾರೆ. ಹಗಲೂ ರಾತ್ರಿ ಎರಡೂ ಅವರ ತಲೆಗೆ ಕಟ್ಟಿದರೆ ಯಾವುದೋ ಒಂದು ಕೆಡುತ್ತದೆ.

ಕೆಲಸದವರು ನಿಲ್ಲುವುದು ಸಂಬಳಕ್ಕಷ್ಟೇ ಅಲ್ಲ. ಮಲಗುವುದಕ್ಕೆ ಸರಿಯಾದ ಜಾಗ, ಬಿಸಿ ಊಟ, ವಾರಕ್ಕೊಂದು ರಜೆ ಕೊಡಿ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ. ನಿಮ್ಮಪ್ಪನ ಮಲ ಬಳಿಯುವ ಕೈ ಬೇಕು, ಅದೇ ಕೈ ನಿಮ್ಮ ಲೋಟ ಮುಟ್ಟಬಾರದು ಅಂದರೆ ಯಾರು ನಿಲ್ಲುತ್ತಾರೆ?

ಮತ್ತೆ, ಒಂದು ನೂರು ಪುಟದ ನೋಟ್‌ಬುಕ್ಕು. ಎಷ್ಟು ಗಂಟೆಗೆ ಯಾವ ಮಾತ್ರೆ, ಯಾವ ಕಡೆ ಮಲಗಿಸಿದ್ದು, ಯೂರಿನ್ ಎಷ್ಟು, ಮೋಷನ್ ಆಯಿತಾ ಇಲ್ಲವಾ. ಮನೆಯವರು, ಕೆಲಸದವರು ಎಲ್ಲರೂ ಅದರಲ್ಲೇ ಬರೆಯಲಿ. ಡಾಕ್ಟರ ಮುಂದೆ "ಮೋಷನ್ ಆಗಿ ಎಷ್ಟು ದಿನ ಆಯ್ತು" ಅಂದಾಗ ಮೂರು ಜನ ಮೂರು ಉತ್ತರ ಹೇಳುವುದು ತಪ್ಪುತ್ತದೆ.

ಆರೈಕೆ ಕೇಂದ್ರ

ಕೇಂದ್ರ ಅಂದಕೂಡಲೇ ನಮ್ಮವರ ಬಾಯಲ್ಲಿ ಬರುವುದು "ವೃದ್ಧಾಶ್ರಮಕ್ಕೆ ತಳ್ಳಿಬಿಟ್ರು." ಎಲ್ಲವೂ ಒಂದೇ ಅಲ್ಲ. ಓಡಾಡುವ ಹಿರಿಯರಿಗೆ ಇರುವ ಮನೆ ಬೇರೆ, ಮಲಗಿದವರನ್ನು ನರ್ಸಿಂಗ್ ಸಮೇತ ನೋಡಿಕೊಳ್ಳುವ ಕಡೆ ಬೇರೆ, ಕೆಲವು ವಾರ ಇಟ್ಟುಕೊಂಡು ನಡೆಸಿ ಕಳಿಸುವ ರೀಹ್ಯಾಬ್ ಬೇರೆ. ಲಕ್ವ ಹೊಡೆದವರಲ್ಲಿ ಸುಧಾರಣೆ ಹೆಚ್ಚು ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಆ ಹೊತ್ತಿನಲ್ಲಿ ದಿನಾ ಫಿಜಿಯೋ, ಮಾತಿನ ಥೆರಪಿ ಎರಡೂ ಸಿಗುವ ರೀಹ್ಯಾಬಿಗೆ ಹಾಕಲು ದುಡ್ಡಿದ್ದರೆ, ಬೇರೆ ಖರ್ಚು ತಡೆದು ಅಲ್ಲಿ ಹಾಕಿ. ನಾವು ಮನೆಗೆ ತಂದೆವು. ಆ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಅಮ್ಮನಿಗೇ ಹರ್ನಿಯಾ ಆಪರೇಷನ್ ಬಂದಾಗ ಅಪ್ಪನನ್ನು ಎರಡು ತಿಂಗಳು ಒಂದು ಕೇಂದ್ರದಲ್ಲಿ ಬಿಟ್ಟಿದ್ದೆವು. ಹೀಗೆ ನೋಡಿಕೊಳ್ಳುವವರ ಬಿಡುವಿಗಾಗಿ ಒಂದೆರಡು ವಾರ, ಒಂದೆರಡು ತಿಂಗಳು ಇಟ್ಟುಕೊಳ್ಳುವ ಕಡೆಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆ. ಕೇಂದ್ರ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆಗ ಎಲ್ಲ ಕಡೆಯೂ ಫಿನಾಯಿಲ್ ಘಮ, ಇಸ್ತ್ರಿ ಯೂನಿಫಾರ್ಮ್. ಸಂಜೆ ಏಳೂವರೆಗೆ ಹೋಗಿ. ಊಟ ಬಡಿಸುವ ಹೊತ್ತು, ಶಿಫ್ಟ್ ಬದಲಾಗುವ ಹೊತ್ತು. ತಿನ್ನಿಸುವವರು ಕೂತು ತಿನ್ನಿಸುತ್ತಿದ್ದಾರಾ, ನಿಂತು ತುರುಕುತ್ತಿದ್ದಾರಾ ನೋಡಿ. ರಾತ್ರಿ ಎಷ್ಟು ರೋಗಿಗೆ ಎಷ್ಟು ಜನ ಅಂತ ಕೇಳಿ. "ನಮ್ಮಲ್ಲಿ ಸಿಸಿಟಿವಿ ಇದೆ" ಅನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ. ಮಲಗಿರುವವರ ಉಗುರು ನೋಡಿ, ಹೊಟ್ಟೆಗಿಂತ ಮೊದಲು ಅಲಕ್ಷ್ಯ ಕಾಣುವುದು ಉಗುರಿನಲ್ಲಿ. ಯಾವಾಗ ಬೇಕಾದರೂ ಬಂದು ನೋಡಬಹುದಾ ಕೇಳಿ. ಭಾನುವಾರ ನಾಲ್ಕರಿಂದ ಐದು ಮಾತ್ರ ಅಂದರೆ ಅಲ್ಲಿಂದ ಹೊರಡಿ.

ಮರೆವಿನ ಕಾಯಿಲೆಯವರಿಗೆ ಇನ್ನೊಂದು ದಾರಿ ಇದೆ, ಡೇ ಕೇರ್. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥ ಕೆಲಸ ಮಾಡುತ್ತದೆ. ಮನೆಯವರು ಹಗಲು ದುಡಿಯಬಹುದು. ಆದರೆ ಮರೆವಿನವರು ಸಂಜೆಯಾದಂತೆ ಗಲಿಬಿಲಿಗೊಂಡು, ರಾತ್ರಿಯೆಲ್ಲ ಎದ್ದು ಬಾಗಿಲು ತೆಗೆಯಲು ಹೋಗುವವರಾದರೆ ಡೇ ಕೇರ್ ನಿಮ್ಮ ರಾತ್ರಿಯನ್ನು ಉಳಿಸುವುದಿಲ್ಲ.

ಕ್ಯಾನ್ಸರ್, ನೋವು, ಹಾಸ್ಪೈಸ್

ನಮ್ಮ ದೊಡ್ಡಮ್ಮನದು ಕ್ಯಾನ್ಸರ್. ಇಲ್ಲಿ ಲೆಕ್ಕವೇ ಬೇರೆ, ಏಕೆಂದರೆ ರಾತ್ರಿ ಎಬ್ಬಿಸುವುದು ಮಗ್ಗುಲಲ್ಲ, ನೋವು. ನೋವು ಹಿಡಿತದಲ್ಲಿಲ್ಲದೆ ಎಂಥ ಮಂಚ, ಎಂಥ ಕೇರ್‌ಟೇಕರ್ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಹುಡುಕಬೇಕಾದ್ದು ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನು, ಅಂದರೆ ರೋಗಿಯ ನೋವು, ಸಂಕಟ ಕಡಿಮೆ ಮಾಡುವುದನ್ನೇ ನೋಡಿಕೊಳ್ಳುವವರನ್ನು. ಅದು ಕೊನೆಯ ದಿನಗಳಿಗೆ ಅಂತ ಎಲ್ಲರೂ ಹೆದರುತ್ತಾರೆ. ಕೀಮೋ, ರೇಡಿಯೇಷನ್ ನಡೆಯುತ್ತಿರುವಾಗಲೇ ಜೊತೆಗೆ ಶುರು ಮಾಡಬಹುದು, ಮಾಡಬೇಕು.

ಜೋರು ನೋವಿಗೆ ಕೊಡುವ ಮಾರ್ಫಿನ್ ಅಂದಕೂಡಲೇ ಮನೆಯಲ್ಲಿ ದೊಡ್ಡ ಜಗಳ. "ಅದು ಕೊಟ್ರೆ ಮುಗೀತು ಅಂತ ಅರ್ಥ." ಹಾಗೇನಿಲ್ಲ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ, ನೋವು ಬರುವವರೆಗೆ ಕಾಯದೆ ಗಡಿಯಾರ ನೋಡಿ ಕೊಡುವ ಮಾತ್ರೆ ಅದು. ಮಲಬದ್ಧತೆ ಹೆಚ್ಚಿನವರಿಗೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. 1985ರ ಮಾದಕವಸ್ತು ಕಾನೂನಿನಿಂದಾಗಿ ಆಸ್ಪತ್ರೆಗಳು ಮಾರ್ಫಿನ್ ಇಡುವುದಕ್ಕೇ ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿಯ ನಂತರ ದಾರಿ ಸುಲಭವಾಯಿತು. ಆದರೂ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆ ಅಥವಾ ಪ್ಯಾಲಿಯೇಟಿವ್ ವಿಭಾಗ ಇರುವ ಕಡೆ ಹೋಗಬೇಕು.

ಮನೆಯೋ, ಹಾಸ್ಪೈಸೋ? ಹಾಸ್ಪೈಸ್ ಅಂದರೆ ವಾಸಿಯಾಗದ ರೋಗಿಗಳನ್ನು ಕೊನೆಯವರೆಗೆ ನೋವಿಲ್ಲದಂತೆ ನೋಡಿಕೊಳ್ಳುವ ಕಡೆ. ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ ಕರುಣಾಶ್ರಯ ಇದೆ. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಅದನ್ನು ನಡೆಸುತ್ತದೆ, ಮನೆಗೆ ಬಂದು ನೋಡುವ ತಂಡವೂ ಅವರಿಗಿದೆ. ಮೈಸೂರಿನ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಪ್ಯಾಲಿಯೇಟಿವ್ ಕೆಲಸ ಮಾಡುತ್ತಾರೆ. ಪಕ್ಕದ ಕೇರಳದಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಕೆಲಸ ಈಗ ಊರೂರಿನ ಸ್ವಯಂಸೇವಕರು ನಡೆಸುವ ಮಟ್ಟಕ್ಕೆ ಬಂದಿದೆ, ನರ್ಸ್ ಜೊತೆ ಅಕ್ಕಪಕ್ಕದವರೇ ಮನೆಗೆ ಬರುತ್ತಾರೆ. ನಮ್ಮಲ್ಲಿ ಅಷ್ಟು ಹಬ್ಬಿಲ್ಲ. ಹೊಟ್ಟೆಕಿಚ್ಚಾಗುತ್ತದೆ.

ರಾತ್ರಿ ನೋವು, ಉಬ್ಬಸ, ರಕ್ತ, ವಾಸನೆಯ ಗಾಯ ಇಂಥದ್ದು ಬಂದರೆ ಮನೆಯವರ ಕೈಯಲ್ಲಾಗುವುದಿಲ್ಲ, ಹಾಸ್ಪೈಸ್ ಒಳ್ಳೆಯದು. ನೋವು ಮಾತ್ರೆಗೆ ನಿಲ್ಲುತ್ತದೆ, ಫೋನ್ ಎತ್ತುವ ಡಾಕ್ಟರ್ ಇದ್ದಾರೆ, ರೋಗಿಗೂ ಮನೆಯೇ ಬೇಕು ಅಂದರೆ ಮನೆ. ದೊಡ್ಡಮ್ಮ ಮನೆ ಅಂದರು. ವಾರಕ್ಕೊಮ್ಮೆ ನರ್ಸ್ ಬರುತ್ತಿದ್ದರು. ಬಂದವರು ದೊಡ್ಡಮ್ಮನನ್ನು ನೋಡಿ ಆದ ಮೇಲೆ, ಅವರನ್ನು ನೋಡಿಕೊಳ್ಳುತ್ತಿದ್ದ ಅಕ್ಕನ ಕಡೆ ತಿರುಗಿ "ನೀವು ಎಷ್ಟು ಗಂಟೆ ಮಲಗಿದ್ರಿ" ಅಂತ ಕೇಳಿ ಅದನ್ನೂ ಬರೆದುಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಅಕ್ಕನಿಗೆ ಯಾರೂ ಕೇಳಿರಲಿಲ್ಲ.

ಕೇಳುವವರು ಯಾರೂ ಇಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಬಹುದು, ಕನ್ನಡದಲ್ಲೇ, ರಾತ್ರಿಯಲ್ಲೂ. ಹಿರಿಯರ ವಿಷಯಕ್ಕೆ 14567 ಇದೆ. ಎರಡಕ್ಕೂ ದುಡ್ಡಿಲ್ಲ.

ಸಾಮಾನು: ಕೊಳ್ಳುವುದೋ, ಬಾಡಿಗೆಯೋ

ಫೌಲರ್ ಕಾಟ್ (ತಲೆ, ಕಾಲಿನ ಭಾಗ ಏರಿಸುವ ಮಂಚ), ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಕೊಡುವ ಕರೆಂಟಿನ ಯಂತ್ರ), ಸಕ್ಷನ್ ಮೆಷಿನ್ (ಗಂಟಲಿನ ಕಫ ಎಳೆಯುವ ಯಂತ್ರ) ಬಾಡಿಗೆಗೆ ತನ್ನಿ. ಎಷ್ಟು ದಿನ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಾನ್ಸಂಟ್ರೇಟರ್ ತಂದರೆ ಕರೆಂಟ್ ಹೋದಾಗ ಏನು ಅನ್ನುವುದನ್ನು ಅದೇ ದಿನ ಯೋಚಿಸಿ, ಮನೆಯ ಯುಪಿಎಸ್ ತಡೆಯುತ್ತದಾ ಕೇಳಿ, ಇಲ್ಲವೆಂದರೆ ಸಿಲಿಂಡರ್ ಒಂದಿರಲಿ. ಏರ್ ಬೆಡ್, ಕಮೋಡ್ ಚೇರ್, ವೀಲ್‌ಚೇರ್ ಕೊಳ್ಳುವುದೇ ಸರಿ. ವೀಲ್‌ಚೇರ್ ಕೊಳ್ಳುವ ಮೊದಲು ಬಚ್ಚಲ ಬಾಗಿಲು ಅಳೆಯಿರಿ. ನಮ್ಮದು ಎರಡು ಇಂಚು ಸಾಲಲಿಲ್ಲ.

ಪಟ್ಟಿ ಬರೆಯುವಾಗ ಎರಡನೇ ಮಂಚವನ್ನೂ ಸೇರಿಸಿ. ಅಪ್ಪನಿಗೆ ತಲೆ ಏರುವ, ಕಾಲು ಏರುವ ಮಂಚ, ಏರ್ ಬೆಡ್, ಮೂರು ತರದ ದಿಂಬು ಎಲ್ಲ ತಂದೆವು. ಅಮ್ಮ ಅದರ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು, ತಲೆಯ ಕೆಳಗೆ ಮೊಬೈಲ್ ಅಲಾರಂ ಇಟ್ಟುಕೊಂಡು ಎಂಟು ತಿಂಗಳು ಮಲಗಿದರು. ರಾತ್ರಿಗೆ ಬಂದ ಕೇರ್‌ಟೇಕರ್ ಮೊದಲನೇ ದಿನವೇ ಕೇಳಿದ, "ಅಜ್ಜಿ ಮಂಚ ಎಲ್ಲಿ?" ಮಾರನೇ ದಿನ ದಿವಾನ್ ತಂದೆವು.